ತಿಳಿಗಾಳಿ

ತೋರಣಗಲ್ಲಿನ ರನ್‌ವೇ ಅಂಚಿಗೆ, ಬೆಳಗಿನ ಐದೂಮುಕ್ಕಾಲಿಗೆ,
ಗಾದಿಲಿಂಗ ವಿಮಾನದ ಮೂಗು ಒರೆಸುತ್ತಾನೆ.
ಕೈಯಲ್ಲಿ ಜೀನ್ಸ್ ಬಟ್ಟೆಯ ತುಂಡು:
ಬಳ್ಳಾರಿಯ ಕೌಲ್‌ಬಜಾರಿನಲ್ಲಿ ಅವನ ಹೆಂಡತಿ
ದಿನಕ್ಕೆ ನಲವತ್ತು ಪ್ಯಾಂಟಿಗೆ ಜೇಬು ಹೊಲಿಯುತ್ತಾಳೆ.
ಗಾಜಿಗೆ ಗೀರು ಬೀಳುತ್ತೆ, ಬೇಡ ಅಂತ ನೂರು ಸಲ ಹೇಳಿದ್ದೇನೆ.
ಮೆತ್ತನೆಯ ಬಟ್ಟೆ ಕೊಟ್ಟಿದ್ದೇನೆ. ಅದನ್ನು ಮಡಚಿ
ಅಂಗಿ ಕಿಸೆಯಲ್ಲಿ ನೋಟಿನ ಹಾಗೆ ಇಟ್ಟುಕೊಂಡಿದ್ದಾನೆ.
ಒರೆಸಿದಷ್ಟೂ ಕೆಂಪು. ಸಂಡೂರಿನ ಗುಡ್ಡ
ರಾತ್ರಿಯೆಲ್ಲ ಪುಡಿಪುಡಿಯಾಗಿ ಬಂದು ಇಲ್ಲಿ ಮಲಗಿರುತ್ತದೆ.

ಆ ಗಾಜಿನ ಹಿಂದೆ ಒಂದು ದೀಪ, ಕಣ್ಣಿಗೆ ಕಾಣದ್ದು.
ಸೆಕೆಂಡಿಗೆ ಸಾವಿರ ಸಲ ಮುಂದಕ್ಕೆ ಚಿಮ್ಮಿ,
ತೇಲುವ ಯಾವುದಾದರೂ ಕಣಕ್ಕೆ ತಾಗಿ, ತಿರುಗಿ ಬರಬೇಕು.
ಬಂದ ಬೆಳಕಿನ ಬಣ್ಣ ಕೂದಲೆಳೆಯಷ್ಟು ಬದಲಾಗಿದ್ದರೆ
ಆ ಕಣ ಓಡುತ್ತಿದೆ ಎಂದರ್ಥ.
ನೆರೆಯ ಎರಡು ಕಣ, ಒಂದು ಇತ್ತ ಒಂದು ಅತ್ತ ಓಡುತ್ತಿದ್ದರೆ
ಬೆಲ್ಟ್ ಬಿಗಿದುಕೊಳ್ಳಿ ಎಂದರ್ಥ.
ಇಷ್ಟೇ ನನ್ನ ವಿದ್ಯೆ.

ಗಾದಿಲಿಂಗ ಹಿಂದೆ ಅದಿರಿನ ಯಾರ್ಡಿನಲ್ಲಿ ಲಾರಿ ತೂಗುತ್ತಿದ್ದವನು.
‘ಇಲ್ಲಿ ಗಾಳಿ ಕಣ್ಣಿಗೇ ಕಾಣ್ತೈತ್ರಿ ಮೇಡಂ,
ಸುತ್ತೋದು, ಏಳೋದು, ಬೀಳೋದು ಎಲ್ಲಾ.
ಮ್ಯಾಲ ಹೋಗಿ ಯಾಕ ಹುಡುಕ್ತೀರಿ?’

ಮೇಲೆ ಧೂಳಿಲ್ಲ ಗಾದಿಲಿಂಗ, ಅದೇ ತೊಂದರೆ.
ಮೋಡವಿದ್ದರೆ ರೇಡಾರಿಗೆ ಹನಿಯಾದರೂ ಸಿಗುತ್ತದೆ.
ಬೆಳಗಿಟ್ಟ ಹರಿವಾಣದಂಥ ಆಕಾಶದಲ್ಲಿ,
ಕಲ್ಲಿಲ್ಲದ ದಾರಿಯಲ್ಲಿ ಎಡವುವುದು ಹೇಗೆ ಅಂತ
ನನ್ನ ಎಡ ಮಣಿಕಟ್ಟನ್ನು ಕೇಳು.
ಆರು ವರ್ಷದ ಹಿಂದೆ, ಗಗನಸಖಿಯ ಸೀರೆಯುಟ್ಟು
ಟೀ ಕೊಡುತ್ತಿದ್ದೆ. ಹದಿನೇಳನೇ ಸಾಲು. ಕಿಟಕಿಯ ತುಂಬ ನೀಲಿ.
ಟ್ರಾಲಿ ಎದ್ದಿತು. ನಾನೂ ಎದ್ದೆ. ಟೀ ಮಾತ್ರ
ಕಪ್ಪು ಬಿದ್ದುಹೋದ ಮೇಲೂ ಒಂದು ಗಳಿಗೆ
ಕಪ್ಪಿನ ಆಕಾರದಲ್ಲೇ ನಿಂತಿತ್ತು.
ಆಮೇಲೆ ಸೂರು. ಆಮೇಲೆ ನೆಲ.
ಪ್ಲಾಸ್ಟರಿನ ಕೈಯನ್ನು ಮೇಜಿನ ಮೇಲಿಟ್ಟುಕೊಂಡು
ಬಿಎಸ್ಸಿಯಲ್ಲಿ ಓದಿ ಮರೆತ ಫಿಸಿಕ್ಸನ್ನು ಮತ್ತೆ ಮೊದಲಿನಿಂದ ಓದಿದೆ.

ಇವತ್ತು ಮೂವತ್ತೈದು ಸಾವಿರ ಅಡಿ.
ಕೆಳಗೆ ತುಂಗಭದ್ರೆಯ ನೀರು, ಯಾರೋ ಮರೆತುಹೋದ ಕನ್ನಡಿ.
ಒಂದು ಗಂಟೆಯಿಂದ ಪರದೆ ಕಪ್ಪು.
ಕಳಿಸಿದ ಬೆಳಕು ಕೈಸಾಲ ಕೊಟ್ಟ ದುಡ್ಡಿನ ಹಾಗೆ
ಹೋದದ್ದು ಹೋಯಿತು.

ಆಗ, ಎಂಟು ಕಿಲೋಮೀಟರ್ ಆಚೆ, ಒಂದು ಚುಕ್ಕೆ.
ಮತ್ತೆರಡು. ಒಂದು ಹಿಡಿಯಷ್ಟು.
ಎಲ್ಲಿಯ ಧೂಳೋ, ಯಾವ ಬೇಸಿಗೆ ಎತ್ತಿ ಒಗೆದದ್ದೋ;
ನಮ್ಮ ಗುಡ್ಡದ್ದೇ ಇರಲಿ ಅಂತ ಆಸೆ, ಪುರಾವೆಯಿಲ್ಲ.
ಒಂದು ಇತ್ತ ಬರುತ್ತಿತ್ತು.
ಒಂದು ಅತ್ತ.
‘ಮೂವತ್ತಾರು ಸೆಕೆಂಡ್’ ಅಂದೆ.
ಕ್ಯಾಪ್ಟನ್ ಚೆಂಗಪ್ಪ ಏನೂ ಕೇಳದೆ ಎಡಕ್ಕೆ ವಾಲಿಸಿದರು.
ನಾನು ಎಣಿಸಿದೆ. ಮಣಿಕಟ್ಟೂ ತನ್ನ ಪಾಡಿಗೆ ಎಣಿಸಿತು.
ಮೂವತ್ತಾರು. ಮೂವತ್ತೇಳು. ನಲವತ್ತು.

ಪೆನ್ನು ಮೇಜಿನ ಮೇಲೆ ಒಮ್ಮೆ ಹೊರಳಿತು.
ಅದು ನಾವು ತಿರುಗಿದ್ದಕ್ಕೂ ಇರಬಹುದು.

ಸಂಜೆ ಗಾದಿಲಿಂಗ ಏಣಿ ಹಿಡಿದು ನಿಂತಿದ್ದ.
‘ಏನಾತ್ರಿ ಮೇಡಂ?’
‘ಏನೂ ಆಗಲಿಲ್ಲ.’
‘ಹೌದಾ’ ಅಂದ, ಪಾಪ, ತನಗೇ ನಷ್ಟವಾದಂತೆ.
ಅವನಿಗೆ ಹೇಗೆ ಹೇಳಲಿ, ವರದಿಯಲ್ಲಿ
ಈ ಎರಡು ಪದ ಬರೆಯಲೆಂದೇ ಆರು ವರ್ಷ.
ಹೇಗೆ ತೋರಿಸಲಿ, ಬಲಕ್ಕೆ ಹೋಗಿದ್ದರೆ ಇದ್ದಿರಬಹುದಾದ್ದನ್ನು,
ಇರದೆಯೂ ಇದ್ದಿರಬಹುದಾದ್ದನ್ನು.

ಅವನು ಬಾಗಿಲಿಗೆ ಹೋಗಿ ಜೀನ್ಸಿನ ತುಂಡು ಕೊಡವಿದ.
ಇಳಿಬಿಸಿಲಿನಲ್ಲಿ ಕೆಂಪು ಎದ್ದು, ಒಂದು ಸುತ್ತು ಬಂದು,
ಇಳಿಯಲೋ ಬೇಡವೋ ಅಂತ ನಿಂತಿತು.
‘ನೋಡ್ರಿ’ ಅಂದ.
ನೋಡಿದೆ.